ಭುಜದ ನೋವಿಗೆ ಕೈಚಿಕಿತ್ಸೆ ಮತ್ತು ವ್ಯಾಯಾಮ: ಹಂತ ಹಂತವಾಗಿ ಒಂದು ಮಾರ್ಗದರ್ಶಿ

ಅಂಗಿಯ ತೋಳಿಗೆ ಕೈ ತೂರಿಸುವಾಗ ಚುರ್ರೆನ್ನುತ್ತದೆ. ಮೇಲಿನ ಕಪಾಟಿನ ಡಬ್ಬಿಗೆ ಕೈ ಚಾಚಿದರೆ ಅರ್ಧದಲ್ಲೇ ಚಳುಕು ಹಿಡಿಯುತ್ತದೆ. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ನಿದ್ದೆ ಹಾರಿಹೋಗುತ್ತದೆ. ಭುಜದ ನೋವಿನವರು ಹೇಳುವ ಮೊದಲ ಮೂರು ಮಾತು ಬಹುಮಟ್ಟಿಗೆ ಇವೇ. ನಾಲ್ಕನೆಯದೂ ಒಂದಿದೆ: "ಯಾರಾದರೂ ಚೆನ್ನಾಗಿ ನೀವಿ, ಎಳೆದು ಸರಿ ಮಾಡಿಕೊಟ್ಟರೆ ಸಾಕಿತ್ತು."

ಆ ನಾಲ್ಕನೆಯ ಮಾತಿನಲ್ಲಿ ಅರ್ಧ ಸತ್ಯವಿದೆ. ಪಳಗಿದ ಕೈ ನೋವನ್ನು ಕೆಲವು ಗಂಟೆಗಳ ಮಟ್ಟಿಗೆ, ಅಪರೂಪಕ್ಕೆ ಒಂದೆರಡು ದಿನಗಳ ಮಟ್ಟಿಗೆ ತಗ್ಗಿಸಬಲ್ಲದು. ಆ ಬಿಡುವಿನಲ್ಲಿ ಭುಜಕ್ಕೆ ಕೆಲಸ ಕೊಡದೆ ಸುಮ್ಮನಿದ್ದರೆ ನೋವು ಹೋದ ದಾರಿಯಲ್ಲೇ ಮರಳಿ ಬರುತ್ತದೆ. ಆದ್ದರಿಂದ ಕೈಚಿಕಿತ್ಸೆ ಬೇಕೋ ವ್ಯಾಯಾಮ ಬೇಕೋ ಎಂಬ ಜಗಳವನ್ನು ಇಲ್ಲಿ ಎತ್ತುವುದಿಲ್ಲ. ಮೊದಲನೆಯದು ಕೊಡುವ ಬಿಡುವನ್ನು ಎರಡನೆಯದಕ್ಕೆ ಬಳಸಿಕೊಳ್ಳುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ.

ಶುರುಮಾಡುವ ಮೊದಲು: ಒಳಗೆ ಏನಿದೆ?

ಸೊಂಟದ ಕೀಲಿನಲ್ಲಿ ತೊಡೆಮೂಳೆಯ ತಲೆ ಆಳವಾದ ಬಟ್ಟಲಿನಲ್ಲಿ ಕುಳಿತಿರುತ್ತದೆ. ಭುಜದಲ್ಲಿ ಆ ಭದ್ರತೆ ಇಲ್ಲ. ತೋಳುಮೂಳೆಯ ದೊಡ್ಡ ಗುಂಡು ತಲೆ ರೆಕ್ಕೆಮೂಳೆಯ ಅಂಚಿನಲ್ಲಿರುವ ಚಪ್ಪಟೆ ಸಾಸರಿನಂಥ ಕುಳಿಗೆ ಆತುಕೊಂಡಿರುತ್ತದೆ, ಅಷ್ಟೆ. ಅದನ್ನು ಅಲ್ಲಿ ಹಿಡಿದು ನಿಲ್ಲಿಸುವುದು ಮುಖ್ಯವಾಗಿ ನಾಲ್ಕು ಚಿಕ್ಕ ಸ್ನಾಯುಗಳು. ಅವುಗಳ ರಜ್ಜುಗಳು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಎಳೆಗಳು, ಒಟ್ಟಾಗಿ ಮೂಳೆಯ ತಲೆಯನ್ನು ಪಟ್ಟಿಯಂತೆ ಸುತ್ತುವರಿದಿವೆ. ಇದಕ್ಕೆ ರೊಟೇಟರ್ ಕಫ್ ಎಂದು ಹೆಸರು. ಕೈ ಇಷ್ಟೊಂದು ದಿಕ್ಕಿಗೆ ತಿರುಗುವುದು ಈ ಸಡಿಲ ಏರ್ಪಾಡಿನಿಂದಲೇ, ತೊಂದರೆ ಬರುವುದೂ ಇದರಿಂದಲೇ.

ಕೈಯನ್ನು ಪೂರ್ತಿ ಮೇಲೆತ್ತಿದಾಗ ಆಗುವ ಸುಮಾರು 180 ಡಿಗ್ರಿಯ ಚಲನೆಯಲ್ಲಿ ಹೆಚ್ಚುಕಡಿಮೆ 120 ಡಿಗ್ರಿ ಮಾತ್ರ ತೋಳಿನ ಕೀಲಿನದು. ಉಳಿದ 60 ಡಿಗ್ರಿ ಬೆನ್ನಿನ ಮೇಲೆ ಜಾರುವ ರೆಕ್ಕೆಮೂಳೆಯದು. ಯಾರಾದರೂ ನಿಮ್ಮ ರೆಕ್ಕೆಮೂಳೆಯ ಮೇಲೆ ಅಂಗೈ ಇಟ್ಟುಕೊಂಡಿರಲಿ, ನೀವು ಕೈ ಎತ್ತಿ. ಆ ಮೂಳೆ ತಿರುಗುತ್ತ ಪಕ್ಕಕ್ಕೆ ಸರಿಯುವುದು ಅವರಿಗೆ ಗೊತ್ತಾಗುತ್ತದೆ. ಭುಜದ ವ್ಯಾಯಾಮದ ಪಟ್ಟಿಯಲ್ಲಿ ಬೆನ್ನಿನ ವ್ಯಾಯಾಮ ಏಕೆ ನುಸುಳಿದೆ ಎಂದು ಕೇಳುವವರಿಗೆ ಇದೇ ಉತ್ತರ.

ಇನ್ನೊಂದು ಹಳೆಯ ಭಯವನ್ನೂ ಇಲ್ಲೇ ಇಳಿಸಿಬಿಡೋಣ. 1972ರಲ್ಲಿ ಅಮೆರಿಕದ ಶಸ್ತ್ರಚಿಕಿತ್ಸಕ ಚಾರ್ಲ್ಸ್ ನೀರ್, ಭುಜದ ನೆತ್ತಿಯ ಮೂಳೆ ಕೆಳಗಿನ ರಜ್ಜುಗಳಿಗೆ ಉಜ್ಜುವುದೇ ನೋವಿನ ಮೂಲ ಎಂದು ವಾದಿಸಿದರು. ಆ ಮೂಳೆಯ ಅಡಿಭಾಗವನ್ನು ಕೆರೆದು ಜಾಗ ಮಾಡುವ ಶಸ್ತ್ರಚಿಕಿತ್ಸೆ ಮುಂದಿನ ದಶಕಗಳಲ್ಲಿ ಲೋಕವೆಲ್ಲ ಹರಡಿತು. 2018ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ಒಂದು ಪ್ರಯೋಗದಲ್ಲಿ ಕೆಲವರಿಗೆ ನಿಜವಾಗಿ ಮೂಳೆ ಕೆರೆದರು, ಕೆಲವರಿಗೆ ಕ್ಯಾಮೆರಾ ತೂರಿಸಿ ನೋಡಿ ಸುಮ್ಮನೆ ಹೊಲಿದರು, ಇನ್ನು ಕೆಲವರಿಗೆ ಶಸ್ತ್ರಚಿಕಿತ್ಸೆಯನ್ನೇ ಮಾಡಲಿಲ್ಲ. ಕೆರೆಸಿಕೊಂಡವರಿಗೂ ಬರೀ ನೋಡಿಸಿಕೊಂಡವರಿಗೂ ವ್ಯತ್ಯಾಸ ಕಾಣಲಿಲ್ಲ. ಏನೂ ಮಾಡಿಸಿಕೊಳ್ಳದವರಿಗಿಂತ ಈ ಎರಡು ಗುಂಪುಗಳು ಮುಂದಿದ್ದವಾದರೂ ಆ ಅಂತರ ದಿನನಿತ್ಯದ ಬದುಕಿನಲ್ಲಿ ಲೆಕ್ಕಕ್ಕೆ ಬರುವಷ್ಟು ಇರಲಿಲ್ಲ. ಇದರಿಂದ ನಮಗೆ ಬೇಕಾದ ಪಾಠ ಒಂದೇ: "ಕೈ ಎತ್ತಿದರೆ ಮೂಳೆ ರಜ್ಜನ್ನು ತಿಂದುಹಾಕುತ್ತದೆ" ಎಂದು ಹೆದರಿ ಕೈಯನ್ನು ಮೈಗೆ ಅಂಟಿಸಿಕೊಂಡು ಕೂರಬೇಕಾಗಿಲ್ಲ. ಸ್ಕ್ಯಾನಿನಲ್ಲಿ "ರಜ್ಜು ಸ್ವಲ್ಪ ಹರಿದಿದೆ" ಎಂದು ಬಂದರೂ ಅಷ್ಟೇ. ವಯಸ್ಸಾದವರಲ್ಲಿ ನೋವೇ ಇಲ್ಲದ ಭುಜದಲ್ಲೂ ಇಂಥ ಹರುಕುಗಳು ಸಾಮಾನ್ಯ.

ಹಂತ 1: ಇದು ಮನೆಯಲ್ಲಿ ಮುಟ್ಟಬಹುದಾದ ನೋವೇ?

ಈ ಹಂತವನ್ನು ಹಾರಿಸಿ ಮುಂದಕ್ಕೆ ಹೋಗಬೇಡಿ. ಭುಜದಲ್ಲಿ ಕಾಣಿಸುವ ನೋವೆಲ್ಲ ಭುಜದ್ದೇ ಆಗಿರುವುದಿಲ್ಲ.

ಎಡಭುಜ ಅಥವಾ ತೋಳಿನ ನೋವಿನೊಂದಿಗೆ ಎದೆ ಬಿಗಿತ, ಉಸಿರು ಕಟ್ಟುವುದು, ತಣ್ಣನೆಯ ಬೆವರು ಇದ್ದರೆ, ಅಥವಾ ಮೆಟ್ಟಿಲು ಹತ್ತುವಾಗ ಬಂದು ನಿಂತರೆ ಹೋಗುವ ನೋವಾಗಿದ್ದರೆ, ಯೋಚಿಸುವುದು ಹೃದಯದ ಬಗ್ಗೆ. ಮೊದಲಿನ ಲಕ್ಷಣಗಳಿದ್ದರೆ ತಕ್ಷಣ ತುರ್ತುಚಿಕಿತ್ಸೆಗೆ ಹೋಗಬೇಕು. ಪಿತ್ತಕೋಶದ ತೊಂದರೆ ಬಲಭುಜದಲ್ಲಿ ನೋವಾಗಿ ತೋರುವುದುಂಟು, ಶ್ವಾಸಕೋಶದ ತುದಿಯ ಗೆಡ್ಡೆಯೂ ಭುಜ ಮತ್ತು ತೋಳಿನ ನೋವಾಗಿ ಕಾಣಿಸಿಕೊಳ್ಳಬಹುದು. ಬಿದ್ದ ಮೇಲೆ ಭುಜದ ಆಕಾರ ಬದಲಾಗಿದ್ದರೆ, ನಿನ್ನೆಯವರೆಗೆ ಎತ್ತುತ್ತಿದ್ದ ಕೈ ಇಂದು ಎತ್ತಲಾಗದಿದ್ದರೆ, ಕೀಲು ಕೆಂಪಾಗಿ ಬಿಸಿಯೇರಿ ಜ್ವರ ಬಂದಿದ್ದರೆ, ಕೈಯಲ್ಲಿ ಶಕ್ತಿ ಕುಂದುತ್ತ ಜೋಮು ಹೆಚ್ಚುತ್ತಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಯಾವ ಭಂಗಿಯಲ್ಲೂ ಬಿಡದೆ ರಾತ್ರಿಯಿಡೀ ಕೊರೆಯುತ್ತಿದ್ದರೆ ಮೊದಲು ವೈದ್ಯರನ್ನು ಕಾಣಿ. 50 ದಾಟಿದವರಿಗೆ ಎರಡೂ ಭುಜ ಮತ್ತು ಸೊಂಟದ ಸುತ್ತ ಬೆಳಗಿನ ಹೊತ್ತು ಬಹಳ ಬಿಗಿತವಿದ್ದರೆ ರಕ್ತಪರೀಕ್ಷೆ ಆಗಬೇಕು. ಅದರ ಜೊತೆಗೆ ಹೊಸ ತಲೆನೋವು, ಅಗಿಯುವಾಗ ದವಡೆ ನೋವು ಅಥವಾ ಕಣ್ಣು ಮಂಜಾಗುವುದು ಸೇರಿದರೆ ಅದೇ ದಿನ ಹೋಗಬೇಕು, ದೃಷ್ಟಿಯೇ ಹೋಗುವ ಅಪಾಯವಿದೆ.

ಕುತ್ತಿಗೆಯನ್ನೂ ಒಮ್ಮೆ ವಿಚಾರಿಸಿಕೊಳ್ಳಿ. ತಲೆಯನ್ನು ಹಿಂದಕ್ಕೆ ಬಾಗಿಸಿ ನೋವಿನ ಕಡೆಗೆ ತಿರುಗಿಸಿದಾಗ ನೋವು ಮೊಣಕೈ ದಾಟಿ ಬೆರಳಿಗೆ ಇಳಿದರೆ, ಅಂಗೈಯನ್ನು ನೆತ್ತಿಯ ಮೇಲಿಟ್ಟಾಗ ಹಾಯೆನಿಸಿದರೆ, ದೂರು ಬಹುಶಃ ಕುತ್ತಿಗೆಯ ನರದ್ದು. ಭುಜ ಸುಮ್ಮನೆ ಬೈಗುಳ ತಿನ್ನುತ್ತಿದೆ.

ಹಂತ 2: ಬಿಗಿದ ಭುಜವೋ, ಬಳಲಿದ ಭುಜವೋ

ಭುಜದ ರೋಗಗಳ ಹೆಸರುಗಳ ಪಟ್ಟಿ ಉದ್ದವಿದೆ. ಮನೆಯಲ್ಲಿ ಕೆಲಸಕ್ಕೆ ಬರುವ ವಿಂಗಡಣೆ ಮಾತ್ರ ಸರಳ.

ಮೊಣಕೈಯನ್ನು ಪಕ್ಕೆಗೆ ಒತ್ತಿ, ಸಮಕೋನಕ್ಕೆ ಮಡಚಿ, ಮುಂದೋಳನ್ನು ಬಾಗಿಲು ತೆರೆದಂತೆ ಹೊರಕ್ಕೆ ತಿರುಗಿಸಿ. ಎರಡೂ ಕೈಗಳನ್ನು ಒಟ್ಟಿಗೆ ಮಾಡಿದರೆ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಈಗ ಇನ್ನೊಬ್ಬರು ಮಣಿಕಟ್ಟನ್ನು ಹಿಡಿದು ಮೆಲ್ಲಗೆ ಇನ್ನಷ್ಟು ಹೊರಕ್ಕೆ ಸರಿಸಲಿ. ನೀವು ಮಾಡಿದಾಗ ಎಲ್ಲಿ ನಿಂತಿತೋ ಅವರು ಮಾಡಿದಾಗಲೂ ಅಲ್ಲೇ, ಗೋಡೆಗೆ ತಾಗಿದಂತೆ ನಿಂತರೆ ಅದು ಬಿಗಿದ ಭುಜ. 40ರಿಂದ 60ರ ವಯಸ್ಸಿನವರಲ್ಲಿ, ಅದರಲ್ಲೂ ಮಧುಮೇಹ ಇರುವವರಲ್ಲಿ, ಇದು ಬಹುಪಾಲು ಫ್ರೋಜನ್ ಶೋಲ್ಡರ್, ಅಂದರೆ ಕೀಲಿನ ಸುತ್ತಲ ಚೀಲ ಉರಿದು ಬಿಗಿಯುವ ತೊಂದರೆ. ಕೀಲಿನ ಸವೆತವೂ ಹೀಗೇ ತೋರುತ್ತದೆ, ಎಕ್ಸ್-ರೇ ಅವೆರಡನ್ನು ಬೇರ್ಪಡಿಸುತ್ತದೆ.

ಇನ್ನೊಬ್ಬರು ಸರಿಸಿದಾಗ ಕೈ ಸಲೀಸಾಗಿ ಹೋಗಿ, ನೀವೇ ಎತ್ತುವಾಗ ಮಾತ್ರ ನೋವಾದರೆ ಅಥವಾ ಸೋಲು ಕಂಡರೆ ಅದು ಬಳಲಿದ ಭುಜ, ಅಂದರೆ ರೊಟೇಟರ್ ಕಫ್‌ನ ನೋವು. ಪಕ್ಕದಿಂದ ಕೈ ಎತ್ತುವಾಗ ಸುಮಾರು 60ರಿಂದ 120 ಡಿಗ್ರಿಯ ನಡುವೆ ನೋವು ಬಂದು ಅದರ ಮೇಲೆ ಕಡಿಮೆಯಾಗುವುದು ಇದರ ಇನ್ನೊಂದು ಗುರುತು. ಭುಜದ ನೋವಿಗಾಗಿ ವೈದ್ಯರ ಬಳಿ ಬರುವವರಲ್ಲಿ ಈ ಗುಂಪಿನವರೇ ಹೆಚ್ಚು. ಮುಂದಿನ ವ್ಯಾಯಾಮಗಳು ಮುಖ್ಯವಾಗಿ ಇವರಿಗೆ. ಬಿಗಿದ ಭುಜದವರಿಗೆ ಕೊನೆಯಲ್ಲಿ ಬೇರೆಯೇ ಮಾತಿದೆ.

ಒಮ್ಮೆಯಾದರೂ ಕೀಲು ಜಾರಿದವರು, ಇನ್ನೂ ಜಾರೀತೆಂಬ ಅಳುಕಿರುವವರು ಇಲ್ಲಿನ ಎಳೆತದ ವಿಧಾನಗಳನ್ನು ಮುಟ್ಟಬಾರದು.

ಹಂತ 3: ಗೋಡೆಯ ಮೇಲೊಂದು ಗೆರೆ

ನೆನಪು ನೋವಿನ ವಿಷಯದಲ್ಲಿ ನಂಬಿಕಸ್ಥನಲ್ಲ. ಮೂರು ವಾರದ ಹಿಂದೆ ಹೇಗಿತ್ತೆಂದು ಕೇಳಿದರೆ ಎಲ್ಲರೂ "ಹಾಗೇ ಇದೆ" ಎನ್ನುತ್ತಾರೆ. ಆದ್ದರಿಂದ ಬರೆದಿಡಿ. ಗೋಡೆಗೆ ಮುಖ ಮಾಡಿ, ಕಾಲ್ಬೆರಳು ಗೋಡೆಗೆ ತಾಗುವಂತೆ ನಿಂತು, ಬೆರಳುಗಳನ್ನು ಎಷ್ಟು ಮೇಲಕ್ಕೆ ನಡೆಸಲು ಸಾಧ್ಯವೋ ಅಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆಯಿರಿ. ಬೆನ್ನ ಹಿಂದೆ ಹೆಬ್ಬೆರಳು ಎಲ್ಲಿಯವರೆಗೆ ಏರುತ್ತದೆ ನೋಡಿ: ಪೃಷ್ಠ, ಸೊಂಟದ ಪಟ್ಟಿ, ಬೆನ್ನ ನಡು. ರಾತ್ರಿ ಎಷ್ಟು ಸಲ ಎಚ್ಚರವಾಯಿತು, ಕೆಲಸ ಮಾಡುವಾಗ ನೋವು 10ಕ್ಕೆ ಎಷ್ಟು ಎಂಬುದನ್ನೂ ಸೇರಿಸಿ. ಇದನ್ನು ವಾರಕ್ಕೊಮ್ಮೆ ಮಾತ್ರ ಅಳೆಯಿರಿ. ದಿನವೂ ಅಳೆಯುವುದು ಬಿತ್ತಿದ ಬೀಜವನ್ನು ದಿನವೂ ಕೆದಕಿ ನೋಡಿದಂತೆ.

ಹಂತ 4: ಎಷ್ಟು ನೋವು ಸಹ್ಯ?

ವ್ಯಾಯಾಮದಲ್ಲಿ ನೋವೇ ಆಗಬಾರದೆಂದು ಹಟ ಹಿಡಿದರೆ ಭುಜ ಬಲಗೊಳ್ಳುವುದಿಲ್ಲ. ಹಲ್ಲು ಕಚ್ಚಿ ಮಾಡಿದರೆ ಮರುದಿನ ಕೈ ಎತ್ತಲಾಗುವುದಿಲ್ಲ. ನಡುದಾರಿ ಹೀಗಿದೆ. ಮಾಡುವಾಗ 10ಕ್ಕೆ 3 ಅಥವಾ 4ರವರೆಗಿನ ನೋವು ಇರಲಿ, ತೊಂದರೆಯಿಲ್ಲ. ಅದು ಆ ಸಂಜೆಯೊಳಗೆ, ಹೆಚ್ಚೆಂದರೆ ಮರುದಿನ ಬೆಳಗಿನೊಳಗೆ, ಮೊದಲಿದ್ದ ಮಟ್ಟಕ್ಕೆ ಇಳಿಯಬೇಕು. ಇಳಿಯದಿದ್ದರೆ ಅಥವಾ ಆ ರಾತ್ರಿ ನಿದ್ದೆ ಕೆಟ್ಟರೆ ಭಾರವನ್ನೋ ಎಣಿಕೆಯನ್ನೋ ಅರ್ಧಕ್ಕೆ ಇಳಿಸಿ. ಇಳಿಸಿ ಎಂದೆ, ನಿಲ್ಲಿಸಿ ಎನ್ನಲಿಲ್ಲ. ಒಂದು ಕೆಟ್ಟ ದಿನ ಬಂದೊಡನೆ ಎಲ್ಲವನ್ನೂ ಬಿಟ್ಟು ವಾರಗಟ್ಟಲೆ ವಿಶ್ರಾಂತಿ ತೆಗೆದುಕೊಳ್ಳುವುದೇ ಈ ದಾರಿಯಲ್ಲಿ ಜನ ಅತಿ ಹೆಚ್ಚು ಎಡವುವ ಜಾಗ.

ಹಂತ 5: ಕೈಚಿಕಿತ್ಸೆ

ಫಿಜಿಯೋಥೆರಪಿಸ್ಟ್ ಕೀಲನ್ನು ಹಿಡಿದು ಸಣ್ಣ ಸಣ್ಣ ತೂಗಾಟದಲ್ಲಿ ಸರಿಸುವುದಕ್ಕೆ ನಾಲ್ಕು ಮಟ್ಟಗಳಿವೆ. ಆಸ್ಟ್ರೇಲಿಯಾದ ಜೆಫ್ರಿ ಮೇಟ್‌ಲೆಂಡ್ ಅವರ ಪದ್ಧತಿ ಇದು. ಮೊದಲೆರಡು ಮಟ್ಟಗಳಲ್ಲಿ ಚಲನೆ ಬಿಗಿತದ ಅಂಚಿಗೆ ಹೋಗುವುದೇ ಇಲ್ಲ, ಅವು ನೋವು ತಗ್ಗಿಸಲು. ಮೂರು ಮತ್ತು ನಾಲ್ಕನೆಯ ಮಟ್ಟಗಳು ಅಂಚನ್ನು ಒತ್ತುತ್ತವೆ, ಅವು ಬಿಗಿತಕ್ಕೆ. ನ್ಯೂಜಿಲೆಂಡಿನ ಬ್ರಯಾನ್ ಮಲ್ಲಿಗನ್ ಅವರ ಪದ್ಧತಿಯಲ್ಲಿ ಚಿಕಿತ್ಸಕರು ಕೀಲನ್ನು ಒಂದು ಬದಿಗೆ ಸರಿಸಿ ಹಿಡಿದಿರುವಾಗ ರೋಗಿಯೇ ಕೈ ಎತ್ತಬೇಕು. ನೋವಿಲ್ಲದೆ ಎತ್ತಲು ಬಂದರೆ ಮಾತ್ರ ಮುಂದುವರಿಸುತ್ತಾರೆ. ನನಗೆ ಈ ಎರಡನೆಯದು ಹೆಚ್ಚು ಹಿಡಿಸುತ್ತದೆ, ರೋಗಿ ಮೇಜಿನ ಮೇಲೆ ಸುಮ್ಮನೆ ಮಲಗಿರುವುದಿಲ್ಲ ಎಂಬ ಕಾರಣಕ್ಕೆ.

ಇದು ಹೇಗೆ ಕೆಲಸ ಮಾಡುತ್ತದೆ? "ಸರಿದ ಮೂಳೆಯನ್ನು ಕೂರಿಸಿದೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಹುಪಾಲು ನೋವುಗಳಲ್ಲಿ ಯಾವ ಮೂಳೆಯೂ ಸರಿದಿರುವುದಿಲ್ಲ. ಸ್ಪರ್ಶ ಮತ್ತು ಮೆಲುಚಲನೆ ನರಮಂಡಲದ ಕಾವಲನ್ನು ಸ್ವಲ್ಪ ಹೊತ್ತು ಸಡಿಲಿಸುತ್ತವೆ, ಸ್ನಾಯು ಬಿಗಿ ಬಿಡುತ್ತದೆ, ಕೈ ಇನ್ನಷ್ಟು ದೂರ ಹೋಗುತ್ತದೆ. ಹಳೆಯ ಪಠ್ಯದ ಲೆಕ್ಕದಲ್ಲಿ ಕೈ ಹೊರಕ್ಕೆ ತಿರುಗಬೇಕಾದರೆ ಮೂಳೆಯ ತಲೆಯನ್ನು ಮುಂದಕ್ಕೆ ಸರಿಸಬೇಕಿತ್ತು. ಆದರೆ 2007ರಲ್ಲಿ ಫ್ರೋಜನ್ ಶೋಲ್ಡರ್ ಇರುವವರ ಮೇಲೆ ನಡೆದ ಒಂದು ಸಣ್ಣ ಪ್ರಯೋಗದಲ್ಲಿ ಹಿಂದಕ್ಕೆ ಸರಿಸಿದವರಿಗೇ ಹೊರತಿರುವು ಹೆಚ್ಚು ಸಿಕ್ಕಿತು. ಕೀಲಿನ ಜ್ಯಾಮಿತಿಯೊಂದನ್ನೇ ನಂಬಿ ಚಿಕಿತ್ಸೆ ಮಾಡುವವರಿಗೆ ಇದು ಇರಿಸುಮುರಿಸಿನ ಸಂಗತಿ.

ಮನೆಯಲ್ಲಿ ಮಾಡಿಕೊಳ್ಳಬಹುದಾದವು ನಾಲ್ಕು. ಎಲ್ಲವನ್ನೂ ಮಾಡಬೇಕಾಗಿಲ್ಲ, ಯಾವುದರಿಂದ ಕೈ ಹಗುರಾಗುತ್ತದೋ ಅದನ್ನು ಇಟ್ಟುಕೊಳ್ಳಿ.

*ತೂಗುಕೈ.* ಒಳ್ಳೆಯ ಕೈಯನ್ನು ಮೇಜಿಗೆ ಊರಿ, ಸೊಂಟದಿಂದ ಬಾಗಿ, ನೋಯುವ ಕೈಯನ್ನು ಇಳಿಬಿಡಿ. ಕೈಯನ್ನು ತೂಗಬೇಡಿ, ಮೈಯನ್ನು ಹಿಂದೆಮುಂದೆ ಓಲಾಡಿಸಿ. ಕೈ ಹಗ್ಗದಂತೆ ತಾನೇ ತೂಗಲಿ. ಒಂದೆರಡು ನಿಮಿಷ ಸಾಕು. ರೂಢಿಯಾದ ಮೇಲೆ ಅರ್ಧ ಲೀಟರಿನ ನೀರಿನ ಬಾಟಲಿ ಹಿಡಿದರೆ ಸಣ್ಣ ಎಳೆತ ಸಿಗುತ್ತದೆ. ಇದು ಅಮೆರಿಕದ ವೈದ್ಯ ಅರ್ನೆಸ್ಟ್ ಕಾಡ್ಮನ್ ಅವರ ಹೆಸರಿನಲ್ಲಿರುವ ವ್ಯಾಯಾಮ. 1934ರಲ್ಲಿ ಫ್ರೋಜನ್ ಶೋಲ್ಡರ್ ಎಂಬ ಹೆಸರು ಕೊಟ್ಟವರೂ ಅವರೇ.

*ಗೋಡೆ ಮತ್ತು ಚೆಂಡು.* ಟೆನಿಸ್ ಚೆಂಡನ್ನು ರೆಕ್ಕೆಮೂಳೆಯ ಹಿಂಭಾಗದ ಮಾಂಸಲ ಜಾಗ ಮತ್ತು ಗೋಡೆಯ ನಡುವೆ ಇಟ್ಟು ಒರಗಿ. ಹೊರಳಾಡಿ, ಹದವಾದ ನೋವಿನ ಜಾಗ ಸಿಕ್ಕಿದಲ್ಲಿ 60ರಿಂದ 90 ಸೆಕೆಂಡು ನಿಲ್ಲಿ. ಭುಜದ ಮುಂಭಾಗ, ಕಂಕುಳು, ಕುತ್ತಿಗೆಯ ಪಕ್ಕ, ನೇರವಾಗಿ ಮೂಳೆ, ಇಲ್ಲೆಲ್ಲ ಚೆಂಡು ಬೇಡ. ನೋವು ಹೆಚ್ಚಾದಷ್ಟೂ ಗುಣ ಹೆಚ್ಚು ಎಂಬುದು ಸುಳ್ಳು.

*ಮೆಲುಎಳೆತ, ಇನ್ನೊಬ್ಬರ ಸಹಾಯದಿಂದ.* ಅಂಗಾತ ಮಲಗಿ, ತೋಳನ್ನು ಮೈಯಿಂದ ಗೇಣುದ್ದ ದೂರಕ್ಕೆ ಸರಿಸಿ, ಮೊಣಕೈ ಕೆಳಗೆ ದಿಂಬು ಇಡಿ. ಸಹಾಯಕರು ಎರಡೂ ಅಂಗೈಗಳಿಂದ ಮೇಲ್ದೋಳನ್ನು ಬಳಸಿ ಹಿಡಿದು, ಪಾದದ ದಿಕ್ಕಿಗೆ ಮೆಲ್ಲಗೆ ಎಳೆದು ಬಿಡಬೇಕು, ತೊಟ್ಟಿಲು ತೂಗುವ ಲಯದಲ್ಲಿ, 30 ಸೆಕೆಂಡು, ಮೂರು ಸಲ. ಮಲಗಿದವರಿಗೆ ನಿದ್ದೆ ಬರುವಂತಿದ್ದರೆ ಹದ ಸರಿಯಿದೆ. ಮುಖ ಕಿವುಚಿದರೆ ಬಲ ಹೆಚ್ಚಾಯಿತು. ಥಟ್ಟನೆ ಜಗ್ಗುವುದು, ಲಟಕ್ಕೆನ್ನಿಸುವುದು ಖಂಡಿತ ಬೇಡ. ಮೂಳೆಸವಕಳಿ (ಮೂಳೆ ಟೊಳ್ಳಾಗುವ ಆಸ್ಟಿಯೊಪೊರೋಸಿಸ್), ಇತ್ತೀಚಿನ ಮೂಳೆಮುರಿತ ಅಥವಾ ಶಸ್ತ್ರಚಿಕಿತ್ಸೆ, ಜಾರುವ ಕೀಲು ಇದ್ದವರಿಗೆ ಇದು ಸಲ್ಲದು.

*ಬೆನ್ನಿಗೆ ಸುರುಳಿ.* ಟವೆಲನ್ನು ಬಿಗಿಯಾಗಿ ಸುತ್ತಿ, ರೆಕ್ಕೆಮೂಳೆಗಳ ಮಟ್ಟದಲ್ಲಿ ಬೆನ್ನಿಗೆ ಅಡ್ಡಲಾಗಿ ಬರುವಂತೆ ಮಲಗಿ ಹತ್ತು ನಿಧಾನದ ಉಸಿರು. ಗೂನುಬೆನ್ನಿನಲ್ಲಿ ಕುಳಿತು ಕೈ ಎತ್ತಿ ನೋಡಿ, ಆಮೇಲೆ ಬೆನ್ನು ನೆಟ್ಟಗೆ ಮಾಡಿ ಎತ್ತಿ ನೋಡಿ. ಈ ಸುರುಳಿ ಯಾಕೆಂದು ಹೇಳುವ ಅಗತ್ಯ ಆಮೇಲೆ ಉಳಿಯುವುದಿಲ್ಲ. ಮೂಳೆಸವಕಳಿ ಇರುವವರು ಇದನ್ನೂ ಬಿಡಬೇಕು.

ಇವೆಲ್ಲ ಸೇರಿ ಹತ್ತು ನಿಮಿಷ ಮೀರಬಾರದು. ಮುಗಿದ ಕೂಡಲೇ ವ್ಯಾಯಾಮಕ್ಕೆ ಏಳಿ. ನೀವಿಸಿಕೊಂಡು ಹಾಯಾಗಿ ಮಲಗಿಬಿಟ್ಟರೆ ಸಿಕ್ಕಿದ ಬಿಡುವು ದಂಡ.

ಹಂತ 6: ವ್ಯಾಯಾಮ

ನೋವು ಕೆರಳಿರುವ ಮೊದಲ ಒಂದೆರಡು ವಾರ ಕೀಲನ್ನು ಅಲುಗಿಸದೆ ಸ್ನಾಯುವನ್ನು ಮಾತ್ರ ಕೆಲಸಕ್ಕೆ ಹಚ್ಚುವುದು ಸುಲಭ. ಗೋಡೆಯ ಪಕ್ಕ ನಿಂತು, ಮೊಣಕೈ ಮಡಚಿ ಪಕ್ಕೆಗೆ ಒತ್ತಿ, ಮುಷ್ಟಿಯ ಹಿಂಬದಿಯನ್ನು ಗೋಡೆಗೆ ತಳ್ಳಿ. ನಿಮ್ಮ ಶಕ್ತಿಯ ಅರ್ಧದಷ್ಟು ಸಾಕು. 30 ಸೆಕೆಂಡು ತಳ್ಳಿ, ಬಿಡಿ, ಹೀಗೆ ಐದು ಸಲ. ಆಮೇಲೆ ಬಾಗಿಲ ಚೌಕಟ್ಟಿನಲ್ಲಿ ನಿಂತು ಒಳದಿಕ್ಕಿಗೆ ಅಷ್ಟೇ. ಜೊತೆಗೆ ಮೇಜಿನ ಮುಂದೆ ಕುಳಿತು ಅಂಗೈ ಕೆಳಗೆ ಬಟ್ಟೆಯ ತುಂಡು ಇಟ್ಟುಕೊಂಡು ಮೇಜು ಒರೆಸುವಂತೆ ಕೈಯನ್ನು ಮುಂದಕ್ಕೆ ಜಾರಿಸಿ, ಹಿಂದೆಯೇ ಮೈಯೂ ಬಾಗಲಿ. ಹತ್ತರಿಂದ ಹದಿನೈದು ಸಲ. ಇವನ್ನು ದಿನಕ್ಕೆರಡು ಬಾರಿ ಮಾಡಬಹುದು.

ಕೆರಳಿಕೆ ಇಳಿದ ಮೇಲೆ ಬರುವುದು ಮುಖ್ಯ ಕೆಲಸ. ಇದಕ್ಕೆ ಒಂದು ರಬ್ಬರ್ ವ್ಯಾಯಾಮ ಪಟ್ಟಿ ಬೇಕು, ಇಲ್ಲದಿದ್ದರೆ ನೀರಿನ ಬಾಟಲಿ. ನೂರಾರು ವ್ಯಾಯಾಮಗಳ ವೀಡಿಯೊಗಳು ಸಿಗುತ್ತವೆ. ನನ್ನ ಮಟ್ಟಿಗೆ ಇವು ನಾಲ್ಕು ಸಾಕು.

ಮೊದಲನೆಯದು ಹೊರತಿರುವು. ಪಟ್ಟಿಯನ್ನು ಸೊಂಟದೆತ್ತರದಲ್ಲಿ ಬಾಗಿಲ ಹಿಡಿಕೆಗೆ ಕಟ್ಟಿ. ಮೊಣಕೈ ಮತ್ತು ಪಕ್ಕೆಯ ನಡುವೆ ಮಡಚಿದ ಟವೆಲ್ ಇರಿಸಿ, ಮುಂದೋಳನ್ನು ಹೊಟ್ಟೆಯ ಮುಂದಿನಿಂದ ಹೊರಕ್ಕೆ ತಿರುಗಿಸಿ. ಟವೆಲ್ ಬಿದ್ದರೆ ಮೊಣಕೈ ಮೋಸ ಮಾಡಿದೆ ಎಂದು ಅರ್ಥ. ಹೊರಗೆ ಹೋಗಲು ಎರಡು ಸೆಕೆಂಡು, ಮರಳಲು ಮೂರು. ಮರಳುವಾಗ ಪಟ್ಟಿ ಕೈಯನ್ನು ಎಳೆದೊಯ್ಯಲು ಬಿಡಬೇಡಿ, ಅರ್ಧ ಲಾಭ ಆ ನಿಧಾನದಲ್ಲೇ ಇದೆ. ರೊಟೇಟರ್ ಕಫ್‌ನ ಹಿಂಭಾಗಕ್ಕೆ ಇಷ್ಟು ನೇರವಾಗಿ ತಲುಪುವ ಸರಳ ವ್ಯಾಯಾಮ ಮತ್ತೊಂದಿಲ್ಲ.

ಎರಡನೆಯದು ಹಿಂದೆಳೆತ. ಪಟ್ಟಿಯ ಎರಡೂ ತುದಿಗಳನ್ನು ಹಿಡಿದು, ದೋಣಿಗೆ ಹುಟ್ಟು ಹಾಕುವಂತೆ ಮೊಣಕೈಗಳನ್ನು ಪಕ್ಕೆಯ ಹಿಂದಕ್ಕೆ ಎಳೆಯಿರಿ. ಭುಜ ಕಿವಿಯತ್ತ ಏರಬಾರದು.

ಮೂರನೆಯದು ಓರೆ ಎತ್ತುಗೆ. ಹೆಬ್ಬೆರಳು ಮೇಲೆ ಮಾಡಿ, ಕೈಯನ್ನು ನೇರ ಪಕ್ಕಕ್ಕೂ ಅಲ್ಲ, ನೇರ ಮುಂದಕ್ಕೂ ಅಲ್ಲ, ಪಕ್ಕದಿಂದ ಸುಮಾರು 30 ಡಿಗ್ರಿ ಮುಂದಿನ ಓರೆಯಲ್ಲಿ ಎತ್ತಿ. ರೆಕ್ಕೆಮೂಳೆ ಪಕ್ಕೆಲುಬಿನ ಮೇಲೆ ಕುಳಿತಿರುವ ಓರೆಯೂ ಅದೇ, ಹಾಗಾಗಿ ಕೀಲಿಗೆ ಇದು ಒಗ್ಗುತ್ತದೆ. ಮೊದಲು ಬರಿಗೈ, ಭುಜದ ಮಟ್ಟಕ್ಕೆ ಮಾತ್ರ. ಅಲ್ಲಿ ಕೈ ನಡುಗಿದರೆ ಅಥವಾ ಭುಜ ಕುಪ್ಪಳಿಸಿದರೆ ಗೋಡೆಯ ಮೇಲೆ ಅಂಗೈ ಜಾರಿಸುತ್ತ ಎತ್ತಿ.

ನಾಲ್ಕನೆಯದು ಗೋಡೆ ದಂಡ. ಗೋಡೆಗೆ ಕೈ ಊರಿ ದಂಡ ಹೊಡೆಯಿರಿ, ಕೈ ನೇರವಾದ ಮೇಲೆ ಬೆನ್ನನ್ನು ಇನ್ನೊಂದಿಷ್ಟು ಹಿಂದಕ್ಕೆ ದೂಡಿ. ಆ ಕೊನೆಯ ಎರಡು ಅಂಗುಲವೇ ರೆಕ್ಕೆಮೂಳೆಯನ್ನು ಹಿಡಿಯುವ ಸ್ನಾಯುವಿಗೆ ಸಿಗುವ ಪಾಲು.

ಒಂದೊಂದನ್ನೂ 8ರಿಂದ 15 ಸಲದ ಮೂರು ಸರದಿಯಂತೆ, ದಿನ ಬಿಟ್ಟು ದಿನ ಮಾಡಿ. ಮೂರನೆಯ ಸರದಿಯ ಕೊನೆಯಲ್ಲಿ "ಇನ್ನೂ ನಾಲ್ಕು ಮಾಡಬಹುದಿತ್ತು" ಎಂದು ಎರಡು ದಿನ ಸತತವಾಗಿ ಅನ್ನಿಸಿದರೆ ಭಾರ ಏರಿಸುವ ಕಾಲ ಬಂದಿದೆ: ಪಟ್ಟಿಯ ಮುಂದಿನ ಬಣ್ಣ, ಅರ್ಧ ಲೀಟರಿನ ಬದಲು ಒಂದು ಲೀಟರು, ಗೋಡೆಯ ಬದಲು ಮೇಜಿನಂಚು. ಒಂದು ಸಲಕ್ಕೆ ಒಂದನ್ನೇ ಏರಿಸಿ. ಏರಿಸದೆ ಆರು ತಿಂಗಳು ಅದೇ ಪಟ್ಟಿಯನ್ನು ಎಳೆಯುವುದು ಪೂಜೆಯಾದೀತು, ವ್ಯಾಯಾಮವಾಗದು.

ಸುಮಾರು ಆರನೆಯ ವಾರದಿಂದ ನಿಮ್ಮ ಬದುಕಿಗೆ ಬೇಕಾದ ಚಲನೆಯನ್ನೇ ಅಭ್ಯಾಸ ಮಾಡಿ. ಮೇಲಿನ ಅಟ್ಟಕ್ಕೆ ಸಾಮಾನು ಏರಿಸುವವರು ಹಗುರ ಭಾರವನ್ನು ತಲೆಯ ಮೇಲಕ್ಕೆ ಎತ್ತಿ ಇಳಿಸಲಿ, ಚೆಂಡು ಎಸೆಯುವವರು ಹತ್ತಿರದ ಗುರಿಗೆ ಅರ್ಧ ವೇಗದಲ್ಲಿ ಎಸೆಯಲಿ. ಪಟ್ಟಿ ಎಳೆಯುವುದರಲ್ಲಿ ಗಟ್ಟಿಗರಾದರೂ ಎಸೆತಕ್ಕೆ ಭುಜ ತಾನಾಗಿ ಸಿದ್ಧವಾಗುವುದಿಲ್ಲ.

ಎಷ್ಟು ನಂಬಬಹುದು?

ಹೆಚ್ಚು ಆಸೆ ಹುಟ್ಟಿಸುವುದು ತಪ್ಪಾಗುತ್ತದೆ. ಕೈಚಿಕಿತ್ಸೆ ಮತ್ತು ವ್ಯಾಯಾಮದ ಬಗ್ಗೆ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆ 2016ರಲ್ಲಿ ಪ್ರಕಟಿಸಿದ ವಿಮರ್ಶೆ ರೊಟೇಟರ್ ಕಫ್ ನೋವಿನ 60 ಪ್ರಯೋಗಗಳನ್ನು ಜಾಲಾಡಿತು. ಇವೆರಡರ ಜೋಡಿಯನ್ನು ಹುಸಿಚಿಕಿತ್ಸೆಯ ಎದುರು ಸರಿಯಾಗಿ ತೂಗಿನೋಡಿದ್ದು ಒಂದೇ ಒಂದು, 120 ಜನರದು. ಅದರಲ್ಲಿ 11ನೆಯ ವಾರಕ್ಕೆ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. 22ನೆಯ ವಾರಕ್ಕೆ, ವ್ಯಾಯಾಮ ಮುಂದುವರಿಸಿದವರ ಕೈಕೆಲಸ ಮತ್ತು ಬಲ ಸ್ವಲ್ಪ ಮುಂದಿತ್ತು. 2021ರಲ್ಲಿ ಬಂದ ಬ್ರಿಟನ್ನಿನ ಮತ್ತೊಂದು ಪ್ರಯೋಗದಲ್ಲಿ 708 ಜನರಿದ್ದರು. ಆರು ಭೇಟಿಗಳವರೆಗೆ ಫಿಜಿಯೋಥೆರಪಿಸ್ಟ್ ಕಲಿಸಿದ ಏರಿಕೆಯ ವ್ಯಾಯಾಮಕ್ಕೂ, ಒಂದೇ ಭೇಟಿಯಲ್ಲಿ ಒಳ್ಳೆಯ ಸಲಹೆ ಕೊಟ್ಟು ಮನೆಯ ವ್ಯಾಯಾಮ ಹೇಳಿ ಕಳುಹಿಸಿದ್ದಕ್ಕೂ ವರ್ಷದ ಕೊನೆಗೆ ಅಂತರ ಕಾಣಲಿಲ್ಲ.

ಇದನ್ನು ಓದಿ ವ್ಯಾಯಾಮ ವ್ಯರ್ಥ ಎನ್ನುವವರಿದ್ದಾರೆ. ನಾನು ಓದುವುದು ಬೇರೆ ರೀತಿ: ಮನೆಯಲ್ಲಿ ಮಾಡುವ ಕೆಲವೇ ವ್ಯಾಯಾಮ, ಮೂರು ತಿಂಗಳ ತಾಳ್ಮೆ, ಅಷ್ಟಿದ್ದರೆ ಚಿಕಿತ್ಸಾಲಯಕ್ಕೆ ದಿನವೂ ಅಲೆಯಬೇಕಾಗಿಲ್ಲ. ಹದಿನೈದು ದಿನದ "ಪ್ಯಾಕೇಜ್" ಮಾರುವವರನ್ನು ಕಂಡರೆ, ಆ ಹದಿನೈದರಲ್ಲಿ ನನ್ನ ಕೈ ಕೆಲಸ ಮಾಡುವುದು ಎಷ್ಟು ನಿಮಿಷ ಎಂದು ಕೇಳಿ.

ಬಿಗಿದ ಭುಜದವರಿಗೆ

ಫ್ರೋಜನ್ ಶೋಲ್ಡರ್‌ಗೆ ಮೂರು ಕಾಲ. ನೋವು ಏರುತ್ತ ಬಿಗಿಯುವ ಕಾಲ, ನೋವು ಇಳಿದು ಬಿಗಿತ ಮಾತ್ರ ಉಳಿಯುವ ಕಾಲ, ಮೆಲ್ಲಗೆ ಬಿಡುವ ಕಾಲ. ಒಟ್ಟಾಗಿ ಒಂದರಿಂದ ಮೂರು ವರ್ಷ ಹಿಡಿಯಬಹುದು. ಮೊದಲ ಕಾಲದಲ್ಲಿ ಕೀಲಿನ ಸುತ್ತಲ ಚೀಲ ಉರಿಯುತ್ತಿರುತ್ತದೆ. ಆಗ ಬಲವಂತವಾಗಿ ಎಳೆಯುವುದು, "ಗಂಟು ಬಿಡಿಸುತ್ತೇನೆ" ಎಂದು ಯಾರೋ ಕೈಯನ್ನು ತಿರುಚುವುದು, ಇವೆರಡೂ ಹಾನಿ. ನೆದರ್ಲೆಂಡ್ಸ್‌ನಲ್ಲಿ 77 ಜನರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನೋವಿನ ಮಿತಿಯೊಳಗೆ ಹಗುರವಾಗಿ ಆಡಿಸಿಕೊಂಡಿದ್ದವರು ಬಿರುಸಾದ ಎಳೆತಕ್ಕೆ ಒಳಗಾದವರಿಗಿಂತ ಎರಡು ವರ್ಷದ ಕೊನೆಗೆ ಚೆನ್ನಾಗಿದ್ದರು.

ಆದ್ದರಿಂದ ಈ ಕಾಲಕ್ಕೆ ತೂಗುಕೈ, ಮೇಜಿನ ಮೇಲೆ ಜಾರಿಸುವುದು, ಮಲಗಿ ಕೋಲು ಹಿಡಿದು ಒಳ್ಳೆಯ ಕೈಯ ಸಹಾಯದಿಂದ ನೋಯುವ ಮುಂದೋಳನ್ನು ಹೊರಕ್ಕೆ ಸರಿಸುವುದು, ಇಷ್ಟು ಸಾಕು. ಚಿಕ್ಕ ಚಿಕ್ಕ ಕಂತಿನಲ್ಲಿ, ದಿನಕ್ಕೆ ಮೂರು ನಾಲ್ಕು ಬಾರಿ ಮಾಡಿ. ರಾತ್ರಿ ನಿದ್ದೆಯೇ ಇಲ್ಲದಿದ್ದರೆ ಕೀಲಿನೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಿಸಿಕೊಳ್ಳುವುದರ ಬಗ್ಗೆ ವೈದ್ಯರೊಡನೆ ಮಾತಾಡಿ. ಮೊದಲ ಕೆಲವು ವಾರಗಳ ಮಟ್ಟಿಗೆ ಇಲ್ಲಿ ಕೈಚಿಕಿತ್ಸೆಗಿಂತ ಅದೇ ಮೇಲು ಎಂಬುದಕ್ಕೆ ಆಧಾರವಿದೆ. ಮಧುಮೇಹಿಗಳಿಗೆ ಇಂಜೆಕ್ಷನ್ ನಂತರ ಕೆಲವು ದಿನ ರಕ್ತದ ಸಕ್ಕರೆ ಏರುತ್ತದೆ, ಪರೀಕ್ಷಿಸುತ್ತಿರಬೇಕು. ನೋವು ಇಳಿದು ಬಿಗಿತವಷ್ಟೇ ಉಳಿದ ಮೇಲೆ ಮೂರನೆಯ, ನಾಲ್ಕನೆಯ ಮಟ್ಟದ ಕೈಚಿಕಿತ್ಸೆಗೂ ದೀರ್ಘ ಎಳೆತಗಳಿಗೂ ಅವಕಾಶ. ಒಂದೊಂದು ಎಳೆತವನ್ನು 30 ಸೆಕೆಂಡು ಹಿಡಿಯಿರಿ.

ರಾತ್ರಿ ಮತ್ತು ಹಗಲು

ನೋಯದ ಮಗ್ಗುಲಿಗೆ ಮಲಗಿ, ಎದೆಯ ಮುಂದೆ ದಿಂಬು ಇಟ್ಟು ನೋಯುವ ತೋಳನ್ನು ಅದರ ಮೇಲೆ ಒರಗಿಸಿ. ಅಂಗಾತ ಮಲಗುವವರು ಮೊಣಕೈ ಕೆಳಗೆ ಮಡಚಿದ ಟವೆಲ್ ಇಡಲಿ, ತೋಳು ಹಿಂದಕ್ಕೆ ಜೋಲದಿದ್ದರೆ ಭುಜದ ಮುಂಭಾಗ ಹಾಯಾಗಿರುತ್ತದೆ. ಅಂಗಿ ತೊಡುವಾಗ ನೋಯುವ ಕೈ ಮೊದಲು, ಕಳಚುವಾಗ ಕೊನೆಗೆ. ಭಾರವನ್ನು ಮೈಗೆ ಹತ್ತಿರ ಹಿಡಿಯಿರಿ. ಕೈಯನ್ನು ಜೋಳಿಗೆಗೆ ಹಾಕಿಕೊಳ್ಳುವುದು ವೈದ್ಯರು ಹೇಳಿದ್ದರೆ ಮಾತ್ರ.

ಆರನೆಯ ವಾರ, ಹನ್ನೆರಡನೆಯ ವಾರ

ಆರನೆಯ ವಾರದ ಕೊನೆಗೆ ಗೋಡೆಯ ಗೆರೆ, ಬೆನ್ನ ಹಿಂದಿನ ಹೆಬ್ಬೆರಳು, ರಾತ್ರಿಯ ಎಚ್ಚರ, ಈ ಮೂರರಲ್ಲಿ ಒಂದಾದರೂ ಮುಂದೆ ಸರಿದಿರಬೇಕು. ಸರಿದಿದ್ದರೆ ದಾರಿ ಬದಲಿಸಬೇಡಿ. ಯಾವುದೂ ಕದಲದಿದ್ದರೆ ಫಿಜಿಯೋಥೆರಪಿಸ್ಟ್ ಮುಂದೆ ನಿಮ್ಮ ವ್ಯಾಯಾಮವನ್ನು ಒಮ್ಮೆ ಮಾಡಿ ತೋರಿಸಿ. ಎಷ್ಟೋ ಸಲ ತಪ್ಪು ಇರುವುದು ಭಾರದಲ್ಲಿ: ತೀರ ಕಡಿಮೆ, ಇಲ್ಲವೇ ತೀರ ಹೆಚ್ಚು. ಬಿಗಿದ ಭುಜದವರಿಗೆ ಈ ಲೆಕ್ಕವನ್ನು ತಿಂಗಳುಗಳಿಗೆ ಹಿಗ್ಗಿಸಿಕೊಳ್ಳಬೇಕು.

ಹನ್ನೆರಡು ವಾರ ಬಿಡದೆ ಮಾಡಿಯೂ ಗೆರೆ ಅಲ್ಲೇ ಇದ್ದರೆ ಆಗ ಮೂಳೆತಜ್ಞರ ಭೇಟಿ, ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಅರ್ಥಪೂರ್ಣ. ಬಿದ್ದು ಪೆಟ್ಟಾದ ಮೇಲೆ ಕೈ ಎತ್ತಲಾಗದವರು ಮಾತ್ರ ಇಷ್ಟು ಕಾಯುವಂತಿಲ್ಲ, ಆಗ ಪೂರ್ತಿ ಹರಿದ ರಜ್ಜನ್ನು ಬೇಗ ಹೊಲಿಯಬೇಕಾಗಿ ಬರಬಹುದು. ಹೋಗುವಾಗ ಹಳೆಯ ಎಕ್ಸ್-ರೇ ಜೊತೆಗೆ ನಿಮ್ಮ ವಾರದ ಟಿಪ್ಪಣಿಯನ್ನೂ ಒಯ್ಯಿರಿ. ಯಾವ ವ್ಯಾಯಾಮ, ಎಷ್ಟು ಭಾರ, ಎಷ್ಟು ವಾರ, ಗೆರೆ ಎಷ್ಟು ಬೆರಳು ಮೇಲೇರಿತು ಎಂದು ಬರೆದಿರುವ ಆ ಒಂದು ಹಾಳೆಯಿಂದ, ಇಂಜೆಕ್ಷನ್ನೋ ಶಸ್ತ್ರಚಿಕಿತ್ಸೆಯೋ ಇನ್ನಷ್ಟು ವ್ಯಾಯಾಮವೋ ಎಂಬ ಮಾತುಕತೆ ಮೊದಲ ಐದು ನಿಮಿಷದಲ್ಲೇ ಆರಂಭವಾಗುತ್ತದೆ.